ಎಂಟನೆಯ ಕಲಮಿನಲ್ಲಿ ನಾನು ಬರೆದ ಹೆಸರು

ಆ ಹೆಸರನ್ನು ಈ ಬರಹದಲ್ಲಿ ನಾನು ಎಲ್ಲಿಯೂ ಬರೆಯುವುದಿಲ್ಲ. ಒಂದು ಕಾಲದಲ್ಲಿ ಅದನ್ನು ಐವತ್ತೆಂಟು ಸಲ ಬರೆದಿದ್ದೇನೆ. ಈ ಜನ್ಮಕ್ಕೆ ಅಷ್ಟು ಸಾಕು. ಅದು ಯಾವುದಿರಬಹುದೆಂದು ಓದುವವರು ಹುಡುಕುವುದೂ ಬೇಡ. ಯಾರ ಮೇಲೆ ಅದನ್ನು ಬರೆದೆನೋ ಅವರು ತಮ್ಮನ್ನು ಬೇರೊಂದು ಹೆಸರಿನಿಂದ ಕರೆದುಕೊಳ್ಳುತ್ತಿದ್ದರು ಎಂಬುದಷ್ಟೇ ತಿಳಿದಿರಲಿ.

ನಾನು ಆಗ ಚನ್ನಪಟ್ಟಣದ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಡುತ್ತಿದ್ದ ಪಂಡಿತ. ಮಹಾರಾಜರ ಸರ್ಕಾರದವರು ಹತ್ತು ವರ್ಷಕ್ಕೊಮ್ಮೆ ನಡೆಸುತ್ತಿದ್ದ ಖಾನೇಷುಮಾರಿಗೆ, ಎಂದರೆ ಜನಗಣತಿಗೆ, ಅಕ್ಷರ ಬಲ್ಲ ಉಪಾಧ್ಯಾಯರನ್ನು ನೇಮಿಸಿಕೊಳ್ಳುವುದು ವಾಡಿಕೆಯಾಗಿತ್ತು. ಕಾನಕಾನಹಳ್ಳಿ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಬರೆಯಬಲ್ಲವರು ಸಾಲದೆ ಹೋದುದರಿಂದ ನಮ್ಮ ಶಾಲೆಯಿಂದ ಇಬ್ಬರನ್ನು ಅಲ್ಲಿಗೆ ಹಾಕಿದರು. ಒಬ್ಬ ನಾನು, ಇನ್ನೊಬ್ಬರು ಉರ್ದು ಕಲಿಸುತ್ತಿದ್ದ ಮುನ್ಷಿಗಳು. ಅವರದು ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆಗಳನ್ನು ಕಡೆಯುವವರ ಮನೆತನ. ಅಣ್ಣತಮ್ಮಂದಿರೆಲ್ಲ ಮರಕ್ಕೆ ಅರಗು ಹಚ್ಚುತ್ತಿದ್ದರೆ ಇವರೊಬ್ಬರು ಕಾಗದ ಹಿಡಿದಿದ್ದರು.

ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ನಿಯಮಗಳನ್ನು ಓದಿ ಹೇಳಿದರು. ಪ್ರತಿಯೊಂದು ಮನೆಗೂ ಒಂದು ನಂಬರು, ಪ್ರತಿಯೊಬ್ಬ ಮನುಷ್ಯನಿಗೂ ಒಂದು ಸಾಲು, ಪ್ರತಿ ಸಾಲಿಗೂ ಹದಿನಾರು ಕಲಂ. ಮೊದಲ ಬರವಣಿಗೆ ಕಪ್ಪು ಮಸಿಯಲ್ಲಿ. ಕೆಲವು ವಾರಗಳ ಮೇಲೆ ಕಡೆಯ ತನಿಖೆಯ ದಿನ ಮತ್ತೆ ಹೋಗಿ, ಸತ್ತವರ ಸಾಲನ್ನು ಹೊಡೆದುಹಾಕಿ, ಹುಟ್ಟಿದವರನ್ನು ಸೇರಿಸಿ, ತಪ್ಪಿದ್ದರೆ ತಿದ್ದುವುದು ಕೆಂಪು ಮಸಿಯಲ್ಲಿ. ‘ಸದರಿ’ ಎಂದು ಬರೆದು ಕೈ ತೊಳೆದುಕೊಳ್ಳುವಂತಿಲ್ಲ. ಪ್ರತಿ ಸಾಲಿನಲ್ಲಿಯೂ ಮಾತನ್ನು ಪೂರ್ತಿಯಾಗಿ ಬರೆಯಬೇಕು. ಹಾಳೆಯ ತಳದಲ್ಲಿ ‘ಖುದ್ದು ಮನೆಗೆ ಹೋಗಿ ವಿಚಾರಿಸಿ ಬರೆದದ್ದು’ ಎಂದು ಅಚ್ಚಾಗಿತ್ತು. ಅದರ ಕೆಳಗೆ ನಮ್ಮ ರುಜು.

ಎಂಟನೆಯ ಕಲಮಿನ ತಲೆಯ ಮೇಲೆ ‘ಜಾತಿ, ಕುಲ ಅಥವಾ ಜನಾಂಗ’ ಎಂದಿತ್ತು. ಆ ಮೂರು ಶಬ್ದಗಳನ್ನು ಕಂಡೊಡನೆ ನನಗೆ ಉತ್ಸಾಹ ಬಂದುಬಿಟ್ಟಿತು. ಮೂರಕ್ಕೂ ಅರ್ಥ ಬೇರೆಬೇರೆಯೆಂದು ಅಲ್ಲಿ ಕುಳಿತಿದ್ದವರಿಗೆ ಅರ್ಧ ಗಂಟೆ ವ್ಯಾಖ್ಯಾನ ಮಾಡಿದೆ. ಅಮಲ್ದಾರರು ತಾಳ್ಮೆಯಿಂದ ಕೇಳಿ, “ಶಾಸ್ತ್ರಿಗಳೇ, ಮೂರೂ ಬೇರೆ ಎಂಬುದು ನಿಜ. ಆದರೆ ಬರೆಯುವುದಕ್ಕೆ ಜಾಗ ಒಂದೇ ಇದೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಕಲಮಿಗೆ ನಿಯಮ ಎರಡಿತ್ತು. ಮನೆಯವರು ಏನು ಹೇಳುತ್ತಾರೋ ಅದನ್ನೇ ಬರೆಯತಕ್ಕದ್ದು ಎಂಬುದು ಮೊದಲನೆಯದು. ದೇವರ ಹೆಸರನ್ನೋ ಕಸುಬಿನ ಹೆಸರನ್ನೋ ಊರಿನ ಹೆಸರನ್ನೋ ಜಾತಿಯೆಂದು ಹೇಳಿದರೆ ಒಪ್ಪದೆ, ಬೆಂಗಳೂರಿನಿಂದ ಬಂದ ಅಚ್ಚಿನ ಪಟ್ಟಿಯಲ್ಲಿರುವ ಹೆಸರುಗಳಲ್ಲಿ ಸರಿಯಾದುದನ್ನು ಗೊತ್ತುಮಾಡಿ ಬರೆಯತಕ್ಕದ್ದು ಎಂಬುದು ಎರಡನೆಯದು. ಮೊದಲನೆಯದನ್ನು ಎರಡನೆಯದು ನುಂಗಬಲ್ಲದು ಎಂಬುದು ಆ ದಿನ ಯಾರಿಗೂ ಹೊಳೆಯಲಿಲ್ಲ.

ಕೈ ಪಳಗಲೆಂದು ಮುನ್ಷಿಗಳು ತಮ್ಮ ಬೀದಿಯಲ್ಲಿಯೇ ನಾಲ್ಕು ಮನೆಗಳನ್ನು ಬರೆದು ತೋರಿಸಿದರು. ಕಡಚಲು ಯಂತ್ರದ ಮುಂದೆ ಕುಳಿತಿದ್ದ ಒಬ್ಬ, ಉಳಿಯನ್ನು ಕೆಳಗಿಡದೆಯೇ, “ಶೇಖ್ ಅಂತ ಬರ್ಕೊಳ್ಳಿ ಮುನ್ಷೀಜಿ” ಎಂದ.

ಪಕ್ಕದ ಅಂಗಡಿಯವನು, “ಅರೆ! ಹೋದ ಸಲ ಬೇರೆ ಏನೋ ಬರೆಸಿದ್ರಲ್ಲ ನಿಮ್ಮ ಮನೇಲಿ?” ಎಂದು ಚುಚ್ಚಿದ.

“ಹೋದ ಸಲ ಹೇಳಿದ್ದು ನಮ್ಮ ಅಬ್ಬಾ. ಈ ಸಲ ನಾನು ಹೇಳ್ತಾ ಇದ್ದೀನಿ. ಬಾಯಿ ನನ್ನದು, ನಿಂಗೇನು ಸಂಕಟ?”

ಮುನ್ಷಿಗಳು ಶೇಖ್ ಎಂದೇ ಬರೆದುಕೊಂಡರು. ದಾರಿಯಲ್ಲಿ ನಾನು ಆಕ್ಷೇಪಿಸಿದೆ. “ಅವನು ನಿಜ ಹೇಳಿದನೆಂದು ತಮಗೆ ಹೇಗೆ ಗೊತ್ತು?” ಅವರು, “ಪಂಡಿತ್‌ಜೀ, ಅವನ ಹೆಸರು ಅವನ ಸಾಮಾನು. ಇಟ್ಕೊಳ್ಳೋದೂ ಬದಲಾಯಿಸೋದೂ ಅವನಿಗೆ ಬಿಟ್ಟಿದ್ದು. ನಾವು ಬರೆಯೋ ಕೈ, ಅಷ್ಟೇ” ಎಂದರು. ಓದಿದವರು ಹೀಗೆ ಸಡಿಲವಾಗಿ ಆಲೋಚಿಸಬಹುದೇ ಎಂದು ನನಗೆ ಬೇಸರವಾಯಿತು.

ಬೇಸರಪಟ್ಟುಕೊಳ್ಳುವ ಯೋಗ್ಯತೆ ನನಗೆ ಇರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅನುಕೂಲಸ್ಥರ ಒಂದು ಸಂಘದವರು ಮನೆಗೆ ಬಂದು, ತಮ್ಮ ಜಾತಿಯ ಹಳೆಯ ಹೆಸರು ಗೌರವದ್ದಲ್ಲವೆಂದೂ ಇನ್ನೊಂದು ಹೆಸರಿನಿಂದ ಪಟ್ಟಿಯಲ್ಲಿ ಸೇರಿಸಬೇಕೆಂದೂ ಸರ್ಕಾರಕ್ಕೆ ಅರ್ಜಿ ಬರೆಸಿಕೊಂಡು ಹೋಗಿದ್ದರು. ಪುರಾಣಗಳಿಂದ ಪ್ರಮಾಣಗಳನ್ನು ಎತ್ತಿ ಹನ್ನೊಂದು ಪುಟ ಬರೆದುಕೊಟ್ಟಿದ್ದೆ. ಹೊಸ ಹೆಸರು ಮಂಜೂರಾಯಿತು. ಅವರು ಶಾಲು ಹೊದಿಸಿದರು.

ಕಬ್ಬಾಳಿನ ದುರ್ಗದ ಕೆಳಗೆ, ಅಮ್ಮನವರ ಗುಡಿಯಿಂದ ಅರ್ಧ ಹರಿದಾರಿಯ ಆಚೆ, ನನ್ನ ಪಾಲಿಗೆ ಬಂದ ಒಂದು ಹಳ್ಳಿಯಿತ್ತು. ಹಳ್ಳಿಯಿಂದ ಕೂಗಳತೆಯ ದೂರದಲ್ಲಿ, ಬಂಡೆಗಳ ಮಗ್ಗುಲಲ್ಲಿ, ಹದಿಮೂರು ಗುಡಿಸಲುಗಳು. ಅಲ್ಲಿದ್ದವರು ಬಿದಿರು ಸೀಳಿ ಮೊರ, ಬುಟ್ಟಿಗಳನ್ನು ಹೆಣೆಯುವವರು. ಅವರ ಮುಖ್ಯ ಕಸುಬೆಂದರೆ ಚಂದ್ರಿಕೆ. ರೇಷ್ಮೆಯ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅದನ್ನು ಬಿಡುವುದಕ್ಕೆ ಬೇಕಾದ ಸುರುಳಿಸುರುಳಿಯ ಬಿದಿರಿನ ತಟ್ಟಿ ಅದು. ಬೆಳೆಯ ಕಾಲಕ್ಕೆ ಅವರು ಚಂದ್ರಿಕೆಗಳನ್ನು ಹೊತ್ತು ದೊಡ್ಡಆಲಹಳ್ಳಿಯಿಂದ ಹಿಡಿದು ಚನ್ನಪಟ್ಟಣದವರೆಗೆ ಊರೂರು ತಿರುಗುತ್ತಿದ್ದರು.

ಬಾಗಿಲೇ ಇಲ್ಲದ ಗುಡಿಸಲಿಗೆ ನಂಬರು ಬರೆಯುವುದೆಲ್ಲಿ? ಊರಿನ ತಳವಾರನೊಡನೆ ಹೇಳಿಕಳುಹಿಸಿ ಅವರಿಂದಲೇ ಹದಿಮೂರು ಬಿದಿರ ದಬ್ಬೆಗಳನ್ನು ಸೀಳಿಸಿ ತರಿಸಿಕೊಂಡೆ. ಒಂದೊಂದರ ಮೇಲೂ ಕೆಮ್ಮಣ್ಣಿನಲ್ಲಿ ಅಂಕಿ ಬರೆದು ಕಳುಹಿಸಿದೆ. ಅವರು ಕಟ್ಟಿಕೊಂಡರು. ನಾನು ಹೋಗಲಿಲ್ಲ.

ಏಕೆ ಹೋಗಲಿಲ್ಲವೆಂಬುದನ್ನು ಮರೆಮಾಚದೆ ಹೇಳಬೇಕು. ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ಬಂದ ಸಾಲಿಗ್ರಾಮದ ಸಂಪುಟವೊಂದಿದೆ. ಊರು ಬಿಟ್ಟು ಹೋದಾಗಲೂ ಅದನ್ನು ಜೊತೆಯಲ್ಲಿ ಒಯ್ದು ಪೂಜಿಸುವುದು ನನ್ನ ನೇಮ. ಆ ಕೇರಿಯೊಳಗೆ ಕಾಲಿಟ್ಟರೆ ಮತ್ತೆ ಸ್ನಾನವಾಗದೆ ಸಂಪುಟವನ್ನು ಮುಟ್ಟುವಂತಿಲ್ಲ. ಬೇಸಗೆ ಹತ್ತಿ ಊರಬಾವಿಯ ತಳ ಕಾಣುತ್ತಿತ್ತು. ಒಂದೊಂದು ಕೊಡಕ್ಕೂ ಹೆಂಗಸರು ಕಾದು ನಿಂತಿದ್ದರು. ಅಲ್ಲಿ ಎರಡನೆಯ ಸ್ನಾನಕ್ಕೆ ನೀರು ಕೇಳಲು ಸಂಕೋಚವಾಯಿತೆಂದು ಬಹಳ ದಿನ ಸಮಾಧಾನ ಮಾಡಿಕೊಂಡೆ. ಬಾವಿ ತುಂಬಿದ್ದರೂ ನಾನು ಹೋಗುತ್ತಿರಲಿಲ್ಲ. ಆ ಕಾಲಕ್ಕೆ ನಮ್ಮಂಥವರು ಯಾರೂ ಹೋಗುತ್ತಿರಲಿಲ್ಲ; ಪಟೇಲರ ಜಗಲಿಯ ಮೇಲೆ ಕುಳಿತು, ಹೊರಗಿನ ಕೇರಿಯವರನ್ನು ಪಟೇಲರ ಬಾಯಿಂದಲೇ ಬರೆದುಕೊಳ್ಳುವುದು ನಡೆದು ಬಂದ ರೀತಿ.

“ಅಯ್ನೋರೇ, ನೀವು ಇಲ್ಲೇ ಕುಂತ್ಕಳಿ,” ಎಂದರು ಪಟೇಲರು. “ಅಲ್ಲಿಗ್ಯಾಕೆ ಓಗಿ ಮೈಲಿಗೆ ಮಾಡ್ಕತೀರಿ? ಯಾವ ಗುಡ್ಲಲ್ಲಿ ಎಷ್ಟು ತಲೆ, ಯಾವನಿಗೆ ಎಷ್ಟು ಎಡ್ತೀರು, ಎಲ್ಲ ನನ್ನ ಬಾಯಲ್ಲೇ ಐತೆ.”

ಆದರೂ ಕೇರಿಯ ಹಿರಿಯಳಾದ ಒಬ್ಬ ಮುದುಕಿಯನ್ನು ಕರೆಸಿದ್ದರು. ಆಕೆ ದನ ಕಟ್ಟುವ ಗೂಟದ ಆಚೆ, ಕೈಯಲ್ಲಿ ಅರ್ಧ ಹೆಣೆದ ಮೊರ ಹಿಡಿದು ನಿಂತಳು. ಮಾತನಾಡುತ್ತಲೇ ಹೆಣೆಯುತ್ತಿದ್ದಳು. ಹೆಸರು, ವಯಸ್ಸು, ಕಸುಬು ಎಲ್ಲ ಸುಸೂತ್ರವಾಗಿ ಮುಗಿದು ಎಂಟನೆಯ ಕಲಂ ಬಂತು.

“ನಿಮ್ಮದು ಯಾವ ಜಾತಿಯಮ್ಮ?”

“ನಾವು ಕಬ್ಬಾಳಮ್ಮನ ಒಕ್ಕಲು, ಬುದ್ದಿ.”

“ಅದು ದೇವರ ಹೆಸರಾಯಿತು. ಜಾತಿ ಹೇಳು.”

“ಅದೇಯ. ನಮ್ಮ ತಾತ, ತಾತನ ತಾತ, ಎಲ್ಲಾರೂ ಅಂಗೇ ಯೋಳ್ಕಂಡು ಬಂದವ್ರೆ. ಬೆಟ್ಟದ ತಾಯಿ ಎತ್ತವ್ಳೆ, ಬಿದ್ರು ಸಾಕೈತೆ.”

ಪಟೇಲರು ನಕ್ಕರು. “ಲೇ ಮುದ್ಕಿ, ಕಬ್ಬಾಳಮ್ಮನಿಗೆ ನಾವೂ ಒಕ್ಕಲೇ ಕಣಮ್ಮಿ. ಅಂಗಾರೆ ನಾನೂ ನೀನೂ ಒಂದೇ ಜಾತಿಯಾ?”

“ಆದ್ರೆ ನಿಮಗೇನು ಲುಕ್ಸಾನು ಗೌಡ್ರೇ? ಒಂದಿನ ನಮ್ಮ ಗುಡ್ಲಿಗೆ ಉಣ್ಣಕ್ಕೆ ಬನ್ನಿ, ಆಯ್ತದೆ.”

ತಳವಾರ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ. ಪಟೇಲರ ಮುಖ ಬಿಗಿದುಕೊಂಡಿತು. “ಬರ್ಕಳಿ ಅಯ್ನೋರೇ,” ಎಂದು ಆ ಹೆಸರನ್ನು ಹೇಳಿದರು. ಮಕ್ಕಳು ಹಟ ಮಾಡಿದಾಗ ತಾಯಂದಿರು ಹೆದರಿಸುವುದಕ್ಕೆ ಬಳಸುತ್ತಿದ್ದ ಹೆಸರು. ಕಣದಲ್ಲಿ ಒಂದು ಹಗ್ಗ ಕಾಣದೆ ಹೋದರೆ ಮೊದಲು ಬಾಯಿಗೆ ಬರುತ್ತಿದ್ದ ಹೆಸರು. “ಊರೆಲ್ಲ ಅಂಗೇ ಅನ್ನದು. ಇವಳು ಬ್ಯಾರೆ ಏನೋ ಬಣ್ಣ ಕಟ್ತಾವ್ಳೆ.”

ಮುದುಕಿಯ ಕೈ ನಿಂತಿತು. “ಅನ್ನೋರು ನೀವು, ಗೌಡ್ರೇ. ನಾವು ಅನ್ನಕಿಲ್ಲ.”

ನಾನು ಅಚ್ಚಿನ ಪಟ್ಟಿಯನ್ನು ತೆರೆದು ನೋಡಿದೆ. ಆಕೆ ಹೇಳಿದ ಹೆಸರು ಅದರಲ್ಲಿ ಇರಲಿಲ್ಲ. ಪಟೇಲರು ಹೇಳಿದ್ದು ಇತ್ತು. ಎರಡನೆಯ ನಿಯಮವೂ ನನ್ನ ಕಡೆಗಿತ್ತು. ಐವತ್ತಾರು ಸಾಲುಗಳಲ್ಲಿ ಅದನ್ನು ಪೂರ್ತಿಯಾಗಿ, ದುಂಡಗೆ, ಒಂದು ಅಕ್ಷರವೂ ಗೆರೆ ಮೀರದಂತೆ ಬರೆದೆ. ನನ್ನ ಬರವಣಿಗೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಹಾಳೆಗಳ ತಳದಲ್ಲಿ, ಖುದ್ದು ಹೋಗಿ ಬರೆದೆನೆಂಬ ಮಾತಿನ ಕೆಳಗೆ, ರುಜು ಹಾಕಿ, ಮಸಿ ಆರಲೆಂದು ಮರಳು ಉದುರಿಸಿದೆ.

ಕಡೆಯ ತನಿಖೆ ಬೇರೆಡೆಗಳಲ್ಲಿ ಕತ್ತಲಾದ ಮೇಲೆ ನಡೆಯುತ್ತಿದ್ದರೂ, ಆನೆಯ ಭಯದಿಂದ ಕಾಡಂಚಿನಲ್ಲಿ ಹಗಲೇ ಮುಗಿಸಲು ಅಪ್ಪಣೆಯಿತ್ತು. ಬೆಳಗ್ಗೆಯೇ ಅದೇ ಜಗಲಿಗೆ ಹೋದೆ. ಇಬ್ಬರು ಹುಟ್ಟಿದ್ದಾರೆ, ಒಬ್ಬ ಹೋದ ಎಂದು ಪಟೇಲರು ಹೇಳಿದರು. ಕೆಂಪು ಮಸಿಯಲ್ಲಿ ಅಷ್ಟನ್ನು ಸರಿಮಾಡಿ, ಆ ಎರಡು ಕೂಸುಗಳ ಸಾಲಿನಲ್ಲಿಯೂ ಅದೇ ಹೆಸರನ್ನು ಬರೆದೆ; ಅಲ್ಲಿಗೆ ಐವತ್ತೆಂಟು ಸಲವಾಯಿತು. ಎದ್ದು ಹೊರಡುವಾಗ ತಳವಾರ ತಲೆ ಕೆರೆದುಕೊಂಡ.

“ಅಯ್ನೋರೇ, ಆ ಮುದ್ಕಿ ಒಸಿ ಬಂದೋಗಿ ಅಂತವ್ಳೆ. ಎಸ್ರು ಏನಂತ ಬರ್ಕಂಡ್ರು, ಕೇಳ್ಬೇಕಂತೆ.”

ಹೊತ್ತು ಇಳಿಯುವುದರೊಳಗೆ ಇನ್ನೆರಡು ಊರು ಮುಗಿಸಬೇಕಾಗಿತ್ತು. “ಎಲ್ಲವೂ ಸರಿಯಾಗಿದೆಯೆಂದು ಹೇಳಪ್ಪ” ಎಂದು ಗಾಡಿ ಹತ್ತಿದೆ. ಕೆಂಪು ಮಸಿಯ ಸೀಸೆ ನನ್ನ ಕೈಚೀಲದಲ್ಲಿ ಮುಕ್ಕಾಲು ತುಂಬಿತ್ತು.

ಎರಡು ಮೂರು ವರ್ಷಗಳು ಕಳೆದವು. ಆ ಹೆಸರನ್ನು ನಾನು ಮರೆತೇಬಿಟ್ಟಿದ್ದೆ. ಅಷ್ಟರಲ್ಲಿ, ಕೆಲವು ಜಾತಿಗಳವರು ಹುಟ್ಟಿನಿಂದಲೇ ಕಳ್ಳರೆಂದು ಗೊತ್ತುಮಾಡಿ, ಅವರು ಪೊಲೀಸಿನವರ ಮುಂದೆ ದಿನವೂ ಹಾಜರಿ ಕೊಡಬೇಕೆಂಬ ಕಾನೂನು ಬಂದಿತ್ತು. ಅಂಥವರ ಪಟ್ಟಿಯಲ್ಲಿ ಆ ಹೆಸರೂ ಸೇರಿತ್ತು. ಆ ಹೆಸರಿನವರು ತಾಲ್ಲೂಕಿನಲ್ಲಿ ಎಲ್ಲೆಲ್ಲಿದ್ದಾರೆಂದು ತಿಳಿಯಲು, ಕಚೇರಿಯಲ್ಲಿ ಉಳಿದಿದ್ದ ನಮ್ಮ ಮನೆಪಟ್ಟಿಯ ನಕಲನ್ನು ತೆಗೆದು ನೋಡಿದರು. ಇದೊಂದೂ ನನಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಪೂಜೆ ಮುಗಿಸಿ ತೀರ್ಥ ತೆಗೆದುಕೊಳ್ಳುತ್ತಿರುವಾಗ ಬೀದಿಯಲ್ಲಿ ಯಾರೋ, “ಬುದ್ದೀ” ಎಂದು ಕರೆದರು. ಹೊರಗೆ ಬಂದೆ. ಆ ಮುದುಕಿ. ಕಬ್ಬಾಳಿನಿಂದ ಚನ್ನಪಟ್ಟಣಕ್ಕೆ ರಾತ್ರಿಯೆಲ್ಲ ನಡೆದು ಬಂದಿದ್ದಳು. ಸೆರಗಿನ ತುದಿಯಿಂದ ಒಂದು ಚೀಟಿಯನ್ನು ಬಿಚ್ಚಿ ತೋರಿಸಿದಳು. ಹಳ್ಳಿಯ ಗಡಿ ದಾಟಲು ಪಟೇಲರು ಬರೆದುಕೊಟ್ಟ ಒಂದು ದಿನದ ಅಪ್ಪಣೆ ಅದು. ಅದರಲ್ಲಿ ಅವಳ ಹೆಸರಿನ ಮುಂದೆ ಆ ಹೆಸರೂ ಇತ್ತು.

“ಒತ್ತಾರೆ ಒಂದ್ಸಲ, ಸಂಜೀಕೆ ಒಂದ್ಸಲ, ಚಾವಡಿ ಮುಂದೆ ಸಾಲಾಗಿ ನಿಂತ್ಕಂಡು, ಕೂಗ್ದಾಗ ‘ಸ್ವಾಮಿ’ ಅನ್ಬೇಕು. ಎಳೆ ಮಕ್ಕಳನ್ನೂ ಎತ್ಕಂಡು ಓಗ್ಬೇಕು. ಗಡಿ ದಾಟಕ್ಕೆ ಚೀಟಿ. ಆಲಹಳ್ಳಿಯೋರ ಉಳ ಅಣ್ಣಾದ್ರೆ ನಮ್ಮ ಚೀಟಿ ಬರೋಗಂಟ ಕಾಯ್ತವಾ ಬುದ್ದಿ? ಚಂದ್ರಿಕೆ ಎಲ್ಲ ಅಂಗೇ ಬಿದ್ದವೆ. ನನ್ನ ಮಗ ಚೀಟಿ ಇಲ್ದಂಗೆ ಓದ. ಇಡ್ಕಂಡು ಜೈಲಿಗೆ ಆಕವ್ರೆ.”

ನಾನು ಏನೋ ಸಮಾಧಾನದ ಮಾತಾಡಿದೆ. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ.

“ಬುಕ್ಕಲ್ಲಿ ಐತೆ ಅಂದ ದಫೇದಾರಪ್ಪ. ಬುಕ್ಕು ಬರ್ದೋರು ನೀವು. ಅವತ್ತು ನಾನು ಯೋಳಿದ್ದು ಒಂದು, ನೀವು ಬರ್ದಿದ್ದು ಒಂದು. ಯಾಕೆ ಬುದ್ದಿ?”

ಬೈದಿದ್ದರೆ ಉತ್ತರ ಹೇಳಬಹುದಾಗಿತ್ತು. ಅವಳು ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಳು. “ಅರ್ಜಿ ಬರೆಯುತ್ತೇನೆ, ಸರಿಮಾಡಿಸುತ್ತೇನೆ” ಎಂದೆ. ನನ್ನ ಮನೆಯವಳು ಜಗಲಿಯ ಮೇಲಿನಿಂದ ಮಜ್ಜಿಗೆ ಹೊಯ್ದಳು. ಮುದುಕಿ ಬೊಗಸೆಯಲ್ಲಿ ಕುಡಿದು, ಸಂಜೆಯ ಹಾಜರಿಗೆ ತಲಪಬೇಕೆಂದು ಆಗಲೇ ಹೊರಟುಬಿಟ್ಟಳು.

ಮರುದಿನ ಸಂಧ್ಯಾವಂದನೆಯಲ್ಲಿ ಅಭಿವಾದನೆ ಹೇಳುವಾಗ ನಾಲಿಗೆ ತಡೆಯಿತು. ಇಂಥ ಋಷಿಗಳ ಪ್ರವರದವನು, ಇಂಥ ಗೋತ್ರದವನು, ಇಂಥ ಹೆಸರಿನವನು ನಾನು ಎಂದು ದಿನವೂ ಹೇಳಿಕೊಳ್ಳುತ್ತೇನೆ. ಇದಕ್ಕೆ ಪ್ರಮಾಣವೇನೆಂದು ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ. ನನ್ನ ತಂದೆ ಹೇಳಿದರು, ಅವರ ತಂದೆ ಹೇಳಿದ್ದರು, ಅಷ್ಟೇ ಪ್ರಮಾಣ. ಗೂಟದ ಆಚೆ ನಿಂತು ಆ ಮುದುಕಿ ಹೇಳಿದ್ದೂ ಅದನ್ನೇ ಅಲ್ಲವೇ?

ಅರ್ಜಿಗೆ ಒಂದೂವರೆ ತಿಂಗಳು ಹಿಡಿಯಿತು. ಮನೆಯಲ್ಲಿದ್ದ ಓಲೆಗರಿಗಳನ್ನೂ ಕೋಶಗಳನ್ನೂ ಕೆದಕಿದೆ. ಆ ಬೆಟ್ಟದ ತಾಯಿಯ ಸ್ಥಳಮಾಹಾತ್ಮ್ಯವನ್ನು ಬಲ್ಲವರನ್ನು ಕೇಳಿದೆ. ಬಿದಿರು ಸೀಳುವ ಹದಿಮೂರು ಗುಡಿಸಲುಗಳವರ ಸುದ್ದಿ ಯಾವ ಪುರಾಣದಲ್ಲಿಯೂ ಇರಲಿಲ್ಲ. ಕೊನೆಗೆ, ಇವರು ದೇವಿಯ ಪರಿವಾರದವರೆಂದೂ, ಪೂರ್ವದಿಂದ ಹಾಗೆ ಕರೆದುಕೊಂಡು ಬಂದವರೆಂದೂ, ಆ ಇನ್ನೊಂದು ಹೆಸರಿಗೆ ಸಂಬಂಧಪಟ್ಟವರಲ್ಲವೆಂದೂ ಒಂಬತ್ತು ಪುಟ ಬರೆದು ಕಳುಹಿಸಿದೆ. ಸಂಘದವರಿಗೆ ಬರೆದುಕೊಟ್ಟ ಅರ್ಜಿಯಲ್ಲಿ ಇದಕ್ಕಿಂತ ಗಟ್ಟಿಯಾದ ಪ್ರಮಾಣವೇನೂ ಇರಲಿಲ್ಲ.

ಉತ್ತರ ನಾಲ್ಕು ಸಾಲಿನದು. ದೇವತೆಯ ಹೆಸರನ್ನು ಜಾತಿಯಾಗಿ ಅಂಗೀಕರಿಸಲಾಗುವುದಿಲ್ಲ. ಸ್ಥಳದಲ್ಲಿ ಖುದ್ದು ವಿಚಾರಿಸಿ ಖಾನೇಷುಮಾರಿಯಲ್ಲಿ ದಾಖಲು ಮಾಡಿರುವುದೇ ಊರ್ಜಿತ.

ಖುದ್ದು ವಿಚಾರಿಸಿದವನು ನಾನು.

ಆ ಕಾಗದವನ್ನು ಹಿಡಿದು ಮುನ್ಷಿಗಳ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಬೊಂಬೆಗಳಿಗೆ ಕಣ್ಣು ಬರೆಯುತ್ತ ಕುಳಿತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಅಣ್ಣನ ಕೆಲಸಕ್ಕೆ ಕೈ ಜೋಡಿಸುತ್ತಿದ್ದರು. ಇನ್ನೊಂದು ಅರ್ಜಿ ಬರೆಯುವ ಆಲೋಚನೆಯಿದೆಯೆಂದು ಹೇಳಿದೆ. ನಡೆದದ್ದನ್ನೆಲ್ಲ ಅವರಿಗೆ ಮೊದಲೇ ತಿಳಿಸಿದ್ದೆ.

“ಅದರಲ್ಲಿ ಏನು ಬರೀತೀರಿ? ಇನ್ನೊಂದು ಪುರಾಣ?” ಎಂದರು, ಕುಂಚವನ್ನು ಕೆಳಗಿಟ್ಟು. “ಮೊದಲನೇ ಅರ್ಜಿಯಲ್ಲಿ ಎಲ್ಲ ಇತ್ತು ಪಂಡಿತ್‌ಜೀ. ನೀವು ಅಲ್ಲಿಗೆ ಹೋಗೇ ಇರಲಿಲ್ಲ ಅನ್ನೋ ಒಂದು ಮಾತು ಬಿಟ್ಟು.”

ನಾನು ಎದ್ದು ಬಂದೆ. ಮೂರು ದಿನ ಅವರೊಡನೆ ಮಾತಾಡಲಿಲ್ಲ. ಒಂಬತ್ತು ಪುಟಗಳ ಪಾಂಡಿತ್ಯವೆಲ್ಲ ಆ ಒಂದು ಮಾತನ್ನು ಬರೆಯದೆ ತಪ್ಪಿಸಿಕೊಳ್ಳುವುದಕ್ಕಾಗಿ ಹೂಡಿದ ಆಟವೆಂದು ನಾಲ್ಕನೆಯ ದಿನ ನನಗೆ ನಾನೇ ಒಪ್ಪಿಕೊಂಡೆ.

ರಜೆ ಹಾಕಿ ಕಬ್ಬಾಳಿನ ಕಡೆ ಹೊರಟೆ. ಸಂಪುಟವನ್ನು ಮನೆಯಲ್ಲಿಯೇ ಬಿಟ್ಟೆ. ಮಗನಿಗೆ ಪೂಜೆ ವಹಿಸಿ ಹಾಗೆ ಹೊರಟದ್ದು ಜೀವಮಾನದಲ್ಲಿ ಅದೇ ಮೊದಲು. ಪಟೇಲರು ಜಗಲಿಯಿಂದ, “ಅಯ್ನೋರೇ, ಇತ್ತ ಬನ್ನಿ, ಕುಂತ್ಕಳಿ” ಎಂದರು. ನಿಲ್ಲದೆ ಮುಂದೆ ಹೋದೆ. ಅವರೂ ಹಿಂದೆ ನಾಲ್ಕು ಹೆಜ್ಜೆ ಬಂದರು. “ನಾನೇನು ಕೇಡು ಬಗೀಲಿಲ್ಲ ಕಣ್ರೀ. ಊರು ಅನ್ನೋದನ್ನ ಅಂದೆ. ಇಂಗಾಯ್ತದೆ ಅಂತ ಯಾರಿಗ್ಗೊತ್ತಿತ್ತು? ಈಗ ನನ್ನ ಮನೆ ಉಳಕ್ಕೇ ಚಂದ್ರಿಕೆ ಇಲ್ಲ.” ಅವರ ದನಿಯಲ್ಲಿ ಸುಳ್ಳಿರಲಿಲ್ಲ.

ಕೂಗಳತೆಯ ದೂರ. ನಡೆದರೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಗುಡಿಸಲುಗಳ ಮುಂದೆ, ನಾನು ಅಂಕಿ ಬರೆದು ಕಳುಹಿಸಿದ್ದ ದಬ್ಬೆಗಳು ಇನ್ನೂ ತೂಗುತ್ತಿದ್ದವು, ಕೆಮ್ಮಣ್ಣು ಮಾಸಿತ್ತು. ನಾಲ್ಕು ಗುಡಿಸಲುಗಳಲ್ಲಿ ಯಾರೂ ಇರಲಿಲ್ಲ. ರಾತ್ರೋರಾತ್ರಿ ಕಾವೇರಿಯ ಆಚೆಗೆ ಹೊರಟುಹೋದರಂತೆ. ಮಾರದೆ ಉಳಿದ ಚಂದ್ರಿಕೆಗಳನ್ನು ಬಂಡೆಗೆ ಒರಗಿಸಿದ್ದರು. ಇಲಿ ಕಡಿದು ಸುರುಳಿಗಳು ಜೋತುಬಿದ್ದಿದ್ದವು. ಮುದುಕಿ ತಟ್ಟಿ ಹಾಸಿದಳು. ಕುಳಿತೆ. ನೀರು ಕೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, “ಬ್ಯಾಡ ಬುದ್ದಿ, ಆಮೇಲೆ ನಿಮಗೆ ಸಂಕಟ ಆಯ್ತದೆ” ಎಂದಳು. ಒತ್ತಾಯ ಮಾಡಿ ಕುಡಿದೆ.

ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ಉಳಿದ ಮೂವತ್ತೊಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳಿ ಬರೆದೆ. ಎಲ್ಲರೂ ಒಂದೇ ಮಾತು ಹೇಳಿದರು. ಎಂಟನೆಯ ಜಾಗದಲ್ಲಿ ಮೂವತ್ತೊಂಬತ್ತು ಸಲ ‘ಕಬ್ಬಾಳಮ್ಮನ ಒಕ್ಕಲು’ ಎಂದು ಪೂರ್ತಿಯಾಗಿ ಬರೆದು, ಖುದ್ದು ಮನೆಗೆ ಹೋಗಿ ವಿಚಾರಿಸಿ ಬರೆದದ್ದು ಎಂದು ಕೈಯಾರೆ ಸೇರಿಸಿ ರುಜು ಹಾಕಿದೆ. ಮುದುಕಿಯ ಮೊಮ್ಮಗಳು, ಎಂಟೊಂಬತ್ತು ವರ್ಷದ ಹುಡುಗಿ, ಅಜ್ಜಿಯ ಮಗ್ಗುಲಲ್ಲಿ ನಿಂತು ಆ ಮಾತನ್ನು ತೊದಲದೆ ಹೇಳಿದಳು.

ಅಲ್ಲಿಂದ ನೇರವಾಗಿ ಕಾನಕಾನಹಳ್ಳಿಗೆ ಹೋಗಿ, ಮೊದಲ ಸಲ ನಾನು ಆ ಕೇರಿಗೆ ಕಾಲಿಡದೆ ಜಗಲಿಯ ಮೇಲೆ ಕುಳಿತು ಸುಳ್ಳು ರುಜು ಮಾಡಿದೆನೆಂದು ಹೇಳಿಕೆ ಬರೆದು, ಹೊಸ ಹಾಳೆಗಳೊಡನೆ ಅಮಲ್ದಾರರ ಮುಂದಿಟ್ಟೆ. ಮೊದಲಿನವರು ವರ್ಗವಾಗಿ ಹೋಗಿ ಬೇರೊಬ್ಬರು ಬಂದಿದ್ದರು. ಸಜ್ಜನರು. ಎದ್ದು ನಿಂತು ಕುರ್ಚಿ ಕೊಟ್ಟರು. ಎರಡನ್ನೂ ಓದಿ, ಹಳೆಯ ನಕಲನ್ನು ತರಿಸಿ, ಪಕ್ಕಪಕ್ಕದಲ್ಲಿಟ್ಟುಕೊಂಡರು.

“ಈ ರುಜು ತಮ್ಮದೇ?”

“ನನ್ನದೇ.”

“ಇದೂ ತಮ್ಮದೇ. ಎರಡರ ಮೇಲೂ ಖುದ್ದು ಹೋಗಿ ಬರೆದದ್ದು ಎಂದೇ ಇದೆ. ಒಂದು ಸುಳ್ಳೆಂದು ತಾವೇ ಹೇಳುತ್ತೀರಿ. ಸುಳ್ಳು ರುಜು ಮಾಡಿದೆನೆಂದು ಒಪ್ಪಿಕೊಂಡವರ ಎರಡನೆಯ ರುಜುವನ್ನು ನಾನು ಯಾವ ಆಧಾರದ ಮೇಲೆ ನಂಬಲಿ, ಶಾಸ್ತ್ರಿಗಳೇ?”

“ತಾವೇ ಬನ್ನಿ. ಬಂದು ಅವರನ್ನು ಕೇಳಿ.”

“ಅವರು ಬೇರೆ ಹೆಸರು ಹೇಳುತ್ತಾರೆಂಬುದು ನನಗೆ ಗೊತ್ತು. ಹಾಜರಿ ತಪ್ಪುವುದಾದರೆ ಯಾರು ತಾನೇ ಹೇಳುವುದಿಲ್ಲ? ಕಾನೂನು ಬರುವುದಕ್ಕೆ ಮುಂಚೆ, ಏನೂ ತಿಳಿಯದ ಕಾಲದಲ್ಲಿ, ಏನು ಹೇಳಿದ್ದರು ಎಂಬುದಕ್ಕೆ ಬೆಲೆ. ಅದಕ್ಕೆ ಇರುವ ಸಾಕ್ಷಿ ಇದೊಂದೇ.” ಹಳೆಯ ಹಾಳೆಯ ಮೇಲೆ ಬೆರಳಿಟ್ಟರು. “ಎಷ್ಟು ಮುದ್ದಾದ ಅಕ್ಷರ!”

ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ, ತಮ್ಮ ವಯಸ್ಸಿಗೂ ವಿದ್ವತ್ತಿಗೂ ಕುಂದು ಬರುವುದು ಬೇಡ ಎಂದರು. ನಾನು ಒಪ್ಪಲಿಲ್ಲ. ಅದು ಕಡತಕ್ಕೆ ಸೇರಿತು. ನನ್ನನ್ನು ಮುಂದೆ ಖಾನೇಷುಮಾರಿಯ ಕೆಲಸಕ್ಕೆ ನೇಮಿಸಕೂಡದೆಂದು ಆಜ್ಞೆಯಾಯಿತು. ಆ ಹೇಳಿಕೆಯಿಂದ ಆದ ಬದಲಾವಣೆ ಅದೊಂದೇ.

ಮುದುಕಿಗೆ ಹೋಗಿ ತಿಳಿಸಿದೆ. “ಆಯ್ತು ಬುಡಿ ಬುದ್ದಿ. ನೀವು ಬಂದ್ರಲ್ಲ,” ಎಂದಳು. ನನ್ನನ್ನು ಸಮಾಧಾನಪಡಿಸುವ ಹೊಣೆಯೂ ಅವಳ ಮೇಲೆಯೇ ಬಿತ್ತು. ಅದರ ಮರುವರ್ಷ, ಬೆಳಗಿನ ಹಾಜರಿಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡಳೆಂದು ತಳವಾರ ಹೇಳಿಕಳುಹಿಸಿದ.

ಮತ್ತೊಂದು ಖಾನೇಷುಮಾರಿ ಬಂತು. ಆ ಹಳ್ಳಿಯನ್ನು ಬರೆಯಲು ನೇಮಕವಾದವನು ನನ್ನಲ್ಲಿಯೇ ಓದಿ ಉಪಾಧ್ಯಾಯನಾದ ತರುಣ. ಅವನ ಜೊತೆಯಲ್ಲಿ ಹೋಗಲು ನನಗೆ ಅಧಿಕಾರವಿರಲಿಲ್ಲ. ಗುರುವೆಂಬ ಸಲಿಗೆಯಿಂದ ಹೋದೆ. ಜಗಲಿಯ ಮೇಲೆ ಕೂರಬೇಡ, ಕೇರಿಗೇ ಹೋಗು, ಪಟ್ಟಿಯನ್ನು ನೋಡಬೇಡ, ಅವರು ಹೇಳಿದ್ದನ್ನೇ ಬರೆ ಎಂದು ದಾರಿಯುದ್ದಕ್ಕೂ ಹೇಳಿದೆ. ಅವನು ಅಕ್ಷರಶಃ ಪಾಲಿಸಿದ. ನೇರವಾಗಿ ಕೇರಿಗೆ ಹೋಗಿ ಮೊದಲ ಗುಡಿಸಲಿನ ಮುಂದೆ ತಟ್ಟಿಯ ಮೇಲೆ ಕುಳಿತ. ಆ ಮೊಮ್ಮಗಳೇ ಈಗ ಮನೆಯೊಡತಿ. ಮಡಿಲಲ್ಲಿ ಕೂಸು, ಕೈಯಲ್ಲಿ ಅರ್ಧ ಹೆಣೆದ ಮೊರ.

“ಯಾವ ಜಾತಿ ತಾಯಿ ನಿಮ್ಮದು?”

ಆಕೆ ಹೆಣೆಯುವುದನ್ನು ನಿಲ್ಲಿಸದೆ ಆ ಹೆಸರನ್ನು ಹೇಳಿದಳು.

ನನಗೆ ತಡೆಯಲಾಗಲಿಲ್ಲ. “ಅಲ್ಲಮ್ಮ, ನಿಮ್ಮ ಅಜ್ಜಿ ಏನು ಹೇಳುತ್ತಿದ್ದರು, ನೆನಪು ಮಾಡಿಕೊ. ನೀನೂ ನನಗೆ ಹೇಳಿದ್ದೆ.”

ಆಕೆ ತಲೆಯೆತ್ತಿ ನೋಡಿದಳು. ನನ್ನ ಗುರುತು ಹತ್ತಲಿಲ್ಲ.

“ಅಜ್ಜಿ ಏನೋ ಅಂತಿದ್ಲು. ಅಂಗಂದ್ರೆ ದಫೇದಾರಪ್ಪ ಒದೀತಿದ್ದ. ಆಜರೀಲಿ ದಿನಾ ಕೂಗೋದು ಇದನ್ನೇ. ಇದನ್ನೇ ಬರ್ಕಳಿ ಬುದ್ದಿ, ನಿಜಾನೇ ಬರ್ಕಳಿ.”

“ನೋಡಿ ಗುರುಗಳೇ,” ಎಂದ ತರುಣ, ಮೆಲ್ಲನೆ. “ಅವರ ಬಾಯಿಂದಲೇ ಬಂತಲ್ಲ.”

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಂಟನೆಯ ಕಲಮಿನಲ್ಲಿ ಆಕೆ ಹೇಳಿದ್ದನ್ನೇ ಬರೆದ. ಅವನ ಅಕ್ಷರ ಬಹಳ ದುಂಡಾಗಿತ್ತು. ಮರಳ ಮೇಲೆ ಅವನ ಬೆರಳು ಹಿಡಿದು ತಿದ್ದಿಸಿದವನು ನಾನೇ.